ನೆಕ್ಕರೆಯೋ ಆಸ್ಬೆಕಿಯಾವೋ? ಗುರುತಿಸುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ):
ನಮ್ಮೂರ ಪದವಿನಲ್ಲಿ (ಮುರಕಲ್ಲಿನ ಬಯಲಿನಲ್ಲಿ) ಈಗ ಎಲ್ಲಿ ನೋಡಿದರೂ ನೇರಳೆ ಮಿಶ್ರಿತ ಗುಲಾಬಿ ಹೂ. ಗದ್ದೆ ಹುಣಿಯ ಪಕ್ಕ ಎದೆಮಟ್ಟದ ಪೊದೆ ಇದೆ, ಅದು ನೆಕ್ಕರೆ. ಮುರಕಲ್ಲಿನ ಪಾರೆಯಲ್ಲಿ ಹುಲ್ಲಿನ ನಡುವೆ ಗೇಣುದ್ದದ ಗಿಡಗಳಿವೆ, ಹೂ ಹೆಚ್ಚುಕಡಿಮೆ ಹಾಗೆಯೇ. ಎರಡರ ಎಲೆಯಲ್ಲೂ ಬುಡದಿಂದ ತುದಿಗೆ ಉದ್ದುದ್ದ ನರಗಳು. ಮೊಬೈಲ್ ಆಪ್ ಒಮ್ಮೆ ಮೆಲಸ್ಟೋಮಾ (ನೆಕ್ಕರೆಯ ಶಾಸ್ತ್ರೀಯ ಹೆಸರು) ಎನ್ನುತ್ತದೆ, ಒಮ್ಮೆ ಆಸ್ಬೆಕಿಯಾ ಎಂಬ ಬೇರೆ ಗಿಡದ ಹೆಸರು. ಸಣ್ಣದು ನೆಕ್ಕರೆಯದ್ದೇ ಎಳೆ ಗಿಡವಾ? ಪಂಚಾಯತಿನ ಜೀವವೈವಿಧ್ಯ ದಾಖಲೆಗೆ ಬರೆಯಲಿಕ್ಕುಂಟು. ತಪ್ಪು ಹೆಸರು ಸೇರಬಾರದು.

ಉತ್ತರ (ಪೆರ್ಲದಿಂದ):
ಎಲೆಯಿಂದ ತೀರ್ಮಾನಿಸಬೇಡಿ ಅಣ್ಣ. ಎರಡೂ ಒಂದೇ ಕುಟುಂಬದವು, ಆ ನರಗಳು ಇಬ್ಬರಿಗೂ ಇವೆ. ಹೂವಿನೊಳಗೆ ಕೇಸರ (ಪರಾಗ ಇರುವ ಎಳೆ) ನೋಡಿ. ನೆಕ್ಕರೆಯಲ್ಲಿ ಎರಡು ಬಗೆಯ ಕೇಸರ: 5 ಉದ್ದ, ನೇರಳೆ ಬಣ್ಣ, ಕುಡುಗೋಲಿನ ಹಾಗೆ ಬಾಗಿದವು. ಉಳಿದ 5 ಗಿಡ್ಡ, ಹಳದಿ. ದುಂಬಿ ಹಳದಿಯದ್ದಕ್ಕೆ ಬಾಯಿ ಹಾಕುವಾಗ ಉದ್ದದ್ದು ಅದರ ಮೈಗೆ ಪರಾಗ ಮೆತ್ತುತ್ತದೆ. ಎಷ್ಟು ಚಂದದ ಏರ್ಪಾಡು ಅಲ್ವಾ! ಆಸ್ಬೆಕಿಯಾದಲ್ಲಿ ಈ ಭೇದ ಇಲ್ಲ, ಎಲ್ಲವೂ ಹಳದಿ, ಎಲ್ಲವೂ ಒಂದೇ ಅಳತೆ. ಬೆಳಗ್ಗೆಯೇ ಹೋಗಿ, ಹೂವಿನ ಆಯಸ್ಸು ಒಂದೇ ದಿನ.

ಪ್ರಶ್ನೆ ಕೇಳಿದವರು:
ನೋಡಿ ಬಂದೆ. ಸಣ್ಣದರಲ್ಲಿ 4 ಎಸಳು, 8 ಕೇಸರ, ಎಲ್ಲವೂ ಹಳದಿ. ಹಾಗಾದರೆ ಎಸಳು ಎಣಿಸಿದರೆ ಸಾಕಾ?

ಉತ್ತರ (ಪೆರ್ಲದಿಂದ):
ನಿಮ್ಮದು ಆಸ್ಬೆಕಿಯಾ ಮುರಾಲಿಸ್. ಮಳೆಗಾಲದಲ್ಲಿ ಪಾರೆಯ ಮೇಲೆ ಬರುವ ಗಿಡ ಅದು, ನೆಕ್ಕರೆಯ ಮರಿಯಲ್ಲ. ಆದರೆ ಎಸಳಿನ ಲೆಕ್ಕ ಒಂದನ್ನೇ ನಂಬಬೇಡಿ. ನೆಕ್ಕರೆಗೆ ಸಾಮಾನ್ಯವಾಗಿ 5 ಎಸಳು, ಸರಿ. ಘಟ್ಟದ ಕಡೆಯ ಆಸ್ಬೆಕಿಯಾ ಆಸ್ಪೆರಾಕ್ಕೂ 5 ಎಸಳೇ, ಪೊದೆಯಾಗಿಯೂ ಬೆಳೆಯುತ್ತದೆ. ಅಲ್ಲಿಯೂ ಕೇಸರವೇ ಗತಿ.

ಉತ್ತರ (ಮಂಜೇಶ್ವರದಿಂದ):
ಹೂ ಉದುರಿದ್ದರೆ ಕಾಯಿ ಒಡೆದು ನೋಡಿ. ನೆಕ್ಕರೆ ಹಣ್ಣು ಬಿರಿದಾಗ ಒಳಗೆ ಕಪ್ಪು ನೇರಳೆ ತಿರುಳು. ತಿಂದ ಮಕ್ಕಳ ನಾಲಗೆಯೇ ಸಾಕ್ಷಿ. ಆಸ್ಬೆಕಿಯಾದ್ದು ಒಣಗಿದ ಪುಟ್ಟ ಕುಡಿಕೆ, ತಿರುಳು ಇಲ್ಲ, ಅಲುಗಿಸಿದರೆ ಸಣ್ಣ ಬೀಜ ಉದುರುತ್ತದೆ. ದಾಖಲೆಗೆ ಚಿತ್ರ ಹಾಕುವಾಗ ಹೂವನ್ನು ಬದಿಯಿಂದಲೂ ತೆಗೆಯಿರಿ. ಮೇಲಿಂದ ಮಾತ್ರ ತೆಗೆದರೆ ಕೇಸರದ ಉದ್ದ ಕಾಣುವುದಿಲ್ಲ, ಆಪ್‌ಗೂ ಅದೇ ತೊಂದರೆ ಆಗಿರಬಹುದು. ಗಿಡ ಕೀಳುವುದು ಬೇಡ, ಒಂದು ಹೂ ಸಾಕು.