ಗೋಣಿಕೊಪ್ಪದ ಕೂಟದ ವಿಷಯ, ದೊಡ್ಡಮ್ಮನ ಉತ್ತರ

ಮರ್ಸೀ, ನಿನ್ನ ಮೆಸೇಜು ನೋಡಿದೆ ಮಗಾ. ಗೋಣಿಕೊಪ್ಪದ ಪ್ರಾರ್ಥನಾ ಕೂಟ ಎರಡಾಯ್ತು, ಕೂಟ ನಡೆಸೋ ಬ್ರದರ್ ಬರೋ ಭಾನುವಾರದಿಂದ ಬೇರೆ ಆರಾಧನೆ ಶುರು ಮಾಡ್ತಾರಂತೆ, ಅವರ ಜೊತೆ ಹೋಗದಿದ್ರೆ ಆಶೀರ್ವಾದ ತಪ್ಪುತ್ತಂತೆ, ಏನು ಮಾಡೋದು ಅಂತ ಕೇಳಿದ್ದೀಯ. ಟೈಪು ಮಾಡೋಕೆ ನನ್ನ ಕಣ್ಣು ಬಿಡಲ್ಲ, ಬಾಯಲ್ಲೇ ಹೇಳ್ತೀನಿ. ವಾಟ್ಸಾಪ್ ಗ್ರೂಪಿನವರೆಲ್ಲರೂ ಕೇಳಿ.

ಸಿದ್ದಾಪುರದ ಕಡೆ ಆದದ್ದು ನಿಮ್ಮಮ್ಮನಿಗೆ ಚೆನ್ನಾಗಿ ಗೊತ್ತು. ಅಲ್ಲಿದ್ದ ಒಬ್ಬ ಬೋಧಕರು ಪ್ರಸಂಗಕ್ಕೆ ನಿಂತ್ರೆ ತೋಟದ ಲೈನ್ ಮನೆಯವರೆಲ್ಲ ಕೆಲಸ ಮುಗಿಸಿ ಬಂದು ಕೂರೋರು. ಆಲಯಕ್ಕೆ ಜಾಗ ಅಂತ ಕಾಫಿ ಕುಯ್ಲಿನ ಕೂಲಿ, ಮೆಣಸು ಮಾರಿದ ದುಡ್ಡು, ಒಬ್ಬಳ ಬಳೆ, ಎಲ್ಲ ಸೇರಿ ಹತ್ತು ಸೆಂಟ್ ಜಾಗ ಆಯ್ತು. ಕ್ರಯಪತ್ರ ಯಾರ ಹೆಸರಿಗೆ? ಅವರದ್ದೇ. ಸಭೆ ಅನ್ನೋ ಅಕ್ಷರ ಅದರಲ್ಲಿ ಎಲ್ಲೂ ಇಲ್ಲ. ರಸೀದಿ ಕೇಳಿದ್ರೆ ನಂಬಿಕೆ ಕಮ್ಮಿ ಅಂತಾರೆ ಅಂತ ಯಾರೂ ಕೇಳಲಿಲ್ಲ. ಕಾಣಿಕೆ ಎಣಿಸೋದೂ ಅವರೇ, ಬರೆಯೋದೂ ಅವರೇ, ಪುಸ್ತಕ ಅವರ ಮನೆ ಬೀರುವಲ್ಲೇ. ಆಮೇಲೆ ಏನೋ ಸಣ್ಣ ಮಾತಿಗೆ ಜಗಳ ಹತ್ತಿ ಕೂಟ ಒಡೀತು, ಅವರು ಜಾಗ ಮಾರಿ ಊರು ಬಿಟ್ರು. ವಕೀಲರ ಹತ್ರ ಹೋದವರಿಗೆ ತೋರಿಸೋಕೆ ಒಂದು ಚೀಟಿ ಇರಲಿಲ್ಲ. ಜಾಗ ಹೋಗ್ಲಿ, ಒಂದೇ ಬೇಲಿಯ ಎರಡು ಮನೆಯವರು ಒಬ್ಬರ ಸಾವಿಗೆ ಒಬ್ಬರು ಹೋಗದ ಹಾಗಾಯ್ತು. ಅದಕ್ಕೇ ಹೇಳೋದು, ಮನುಷ್ಯನ ಹಿಂದೆ ಹೋಗ್ಬೇಡಿ.

ಬೈಬಲ್ಲಿನ ಕೊರಿಂಥ ಊರಿನ ಸಭೆಯಲ್ಲೂ ಇದೇ ಕಥೆ, ಮೊದಲನೇ ಕೊರಿಂಥ ಪತ್ರದಲ್ಲಿದೆ. ಖ್ಲೋಯೆಯ ಮನೆಯವರು ಪೌಲನಿಗೆ ಸುದ್ದಿ ಮುಟ್ಟಿಸಿದ್ರು, ಒಬ್ಬ ಪೌಲನ ಕಡೆ, ಒಬ್ಬ ಅಪೊಲ್ಲೋಸನ ಕಡೆ, ಮತ್ತೊಬ್ಬ ಕೇಫ ಅಂದ್ರೆ ಪೇತ್ರನ ಕಡೆ ಅಂತ. ಪೌಲ ತನ್ನ ಕಡೆಯವರ ಬೆನ್ನು ತಟ್ಟಿದನಾ? ಪೌಲ ನಿಮಗೋಸ್ಕರ ಶಿಲುಬೆಗೇರಿದನಾ ಅಂತ ತನ್ನ ಹೆಸರು ಹಿಡಿದೇ ಕೇಳಿದ. ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು, ಇಷ್ಟು ಬಿಟ್ರೆ ನಿಮ್ಮಲ್ಲಿ ಬೇರೆ ಯಾರಿಗೂ ದೀಕ್ಷಾಸ್ನಾನ ಕೊಟ್ಟ ನೆನಪಿಲ್ಲ, ಒಳ್ಳೇದೇ ಆಯ್ತು ಅಂದ. ಅವನಿಗೂ ಅಪೊಲ್ಲೋಸನಿಗೂ ಜಗಳ ಇರಲೇ ಇಲ್ಲ. ಕೊರಿಂಥಕ್ಕೆ ಹೋಗಿ ಬಾ ಅಂತ ಅಪೊಲ್ಲೋಸನನ್ನ ಪೌಲನೇ ಒತ್ತಾಯ ಮಾಡಿದ್ದು ಅದೇ ಪತ್ರದ ಕೊನೇ ಅಧ್ಯಾಯದಲ್ಲಿದೆ, ಓದಿ.

ಬ್ರದರ್ ಅಪೊಸ್ತಲರ ಕೃತ್ಯಗಳು 5:29 ತೋರಿಸ್ತಾರಂತಲ್ಲ, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ. ಪೇತ್ರ ಅದನ್ನ ಹೇಳಿದ್ದು ಯೆಹೂದ್ಯರ ನ್ಯಾಯಸಭೆಯಾದ ಹಿರೀಸಭೆ ಮುಂದೆ ನಿಂತು, ಆಮೇಲೆ ಏಟೂ ತಿಂದ. ಅದನ್ನೇ ಹಿಡ್ಕೊಂಡು ನನ್ನ ಹಿಂದೆ ಬನ್ನಿ ಅನ್ನೋದು ಯಾವ ನ್ಯಾಯ? ಆ ವಾಕ್ಯದ ಲೆಕ್ಕದಲ್ಲಿ ಬ್ರದರ್ ಕೂಡ ಮನುಷ್ಯರೇ.

ಬೇರೆ ಬೇರೆ ಸಭೆಗಳು ಸೇರಿ ನಮ್ಮ ಸಿ.ಎಸ್.ಐ., ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಒಂದಾಗೋಕೆ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಗಿ 1947ರ ಸೆಪ್ಟೆಂಬರ್ 27ರವರೆಗೆ 28 ವರ್ಷ ಹಿಡೀತು. ಮುಂದೆ ನಿಂತಿದ್ದ ಅಜರಯ್ಯ ಬಿಷಪ್ಪರು 1945ರಲ್ಲೇ ತೀರಿಹೋದ್ರು, ಆದ್ರೂ ಕೆಲಸ ನಿಲ್ಲಲಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಿಂದ ಇದೆ, ಎಷ್ಟು ಗುರುಗಳು ಬಂದ್ರು, ಹೋದ್ರು. ಮನುಷ್ಯನ ಹಿಂದೆ ಹೋಗ್ಬೇಡಿ, ಎರಡನೇ ಸಲ ಹೇಳ್ತಿದ್ದೀನಿ.

ಈ ಗ್ರೂಪಲ್ಲೇ ನೋಡಿ, ಬೆಳಗಾದ್ರೆ ಬ್ರದರ್ ಫೋಟೋ ಸ್ಟೇಟಸ್ಸು. ಜನವರಿ 18ರಿಂದ 25 ಐಕ್ಯತೆಯ ಪ್ರಾರ್ಥನಾ ವಾರ, ಕ್ಯಾಥೊಲಿಕ್‌ನವರು, ನಾವು, ಸಿರಿಯನ್‌ನವರು ಒಟ್ಟಿಗೆ ಕೂರೋಣ ಅಂದ್ರೆ ಬಂದದ್ದು ಬರೀ ಮುದುಕಿಯರು. ಎಲ್ಲರಿಗೂ ಕುಯ್ಲಂತೆ. ಮೈಸೂರಿನ ಕನ್ವೆನ್ಷನ್ನಿಗೆ ಜೀಪು ಮಾಡ್ಕೊಂಡು ಹೋಗೋಕೆ ಕುಯ್ಲು ಅಡ್ಡ ಬರಲಿಲ್ಲ. ನನ್ನ ಮಂಡಿ ಆಪರೇಷನ್ ಆಗಿ ಮಲಗಿದ್ದಾಗ ಅದೇ ಜೀಪು ನಮ್ಮ ಗೇಟಿನ ಮುಂದೇನೇ ಹೋಯ್ತು, ನಿಲ್ಲಲಿಲ್ಲ. ಹೆಸರು ಹೇಳಲ್ಲ, ಕೇಳ್ತಾ ಇದ್ದಾರೆ.

ಅಯ್ಯೋ, ನೀನು ಕೇಳಿದ್ದು ಏನು ಮಾಡ್ಬೇಕು ಅಂತ ಅಲ್ವಾ. ಮತ್ತಾಯ 18ರಲ್ಲಿರೋ ಹಾಗೆ ಮೊದಲು ನಿನ್ನ ಯಜಮಾನರು ಒಬ್ಬರೇ ಬ್ರದರ್ ಹತ್ರ ಹೋಗಿ ಮಾತಾಡ್ಲಿ. ಕೇಳದಿದ್ರೆ ಇನ್ನೊಬ್ಬಿಬ್ಬರನ್ನ ಕರ್ಕೊಂಡು. ಆಗಲೂ ಆಗದಿದ್ರೆ ಸಭೆ ಮುಂದೆ. ವಾಟ್ಸಾಪಲ್ಲಿ ಬೇಡ. ಅವರ ಸ್ವಂತ ನಂಬರಿಗೆ ಕಾಣಿಕೆ ಫೋನ್‌ಪೇ ಮಾಡ್ಬೇಡ. ಕೂಟ ಸೊಸೈಟಿಯಾಗಿ ರಿಜಿಸ್ಟರ್ ಆಗಿದೆಯಾ, ಅದಕ್ಕೆ ಕಮ್ಮಿ ಅಂದ್ರೂ ಏಳು ಜನ ಬೇಕು, ಖಾತೆ ಕೂಟದ ಹೆಸರಲ್ಲಿದೆಯಾ, ಚೆಕ್ಕಿಗೆ ಇಬ್ಬರ ಸಹಿ ಇದೆಯಾ, ಕೇಳು. ಕಾಣಿಕೆನ ಬೇರೆ ಬೇರೆ ಮನೆಯ ಇಬ್ಬರು ಅಲ್ಲೇ ಎಣಿಸಿ, ಬರೆದು, ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಬೇಕು. ಯೆರೂಸಲೇಮಿಗೆ ಸಹಾಯದ ಹಣ ಕೂಡಿಸುವಾಗ ಪೌಲನೇ ತೀತನ ಜೊತೆ ಸಭೆಗಳು ಆರಿಸಿದ ಸಹೋದರನನ್ನೂ ಸೇರಿಸಿದ, ಯಾರೂ ತಪ್ಪು ಹೊರಿಸಬಾರದು ಅಂತ. ಎರಡನೇ ಕೊರಿಂಥ 8.

ನಮ್ಮ ಸಿ.ಎಸ್.ಐ. ಸಭೆಯ ಸದಸ್ಯತ್ವ ಮಾತ್ರ ಬಿಡ್ಬೇಡ. ಶೀಬಾ ಮದುವೆ ಮೇನಲ್ಲಿ ಅಲ್ವಾ. 1872ರ ಕ್ರೈಸ್ತ ವಿವಾಹ ಕಾಯ್ದೆ ಪ್ರಕಾರ ಯಾರು ಬೇಕಾದ್ರೂ ಮದುವೆ ಮಾಡಿಸೋ ಹಾಗಿಲ್ಲ. ಅಭಿಷೇಕವಾದ ಪಾದ್ರಿಗಳು, ಲೈಸೆನ್ಸ್ ಇರೋ ಬೋಧಕರು, ಇಲ್ಲಾಂದ್ರೆ ಮದುವೆ ರಿಜಿಸ್ಟ್ರಾರ್. ಬ್ರದರಿಗೆ ಲೈಸೆನ್ಸ್ ಇಲ್ಲದೆ ಮದುವೆ ಮಾಡಿಸಿದ್ರೆ, ಮದುವೆ ದಾಖಲೆ ಸರಿಯಿಲ್ಲ ಅಂತ ನಾಳೆ ಪಾಸ್‌ಪೋರ್ಟಿಗೆ ನೀವೇ ಅಲೀಬೇಕು. ನಮ್ಮ ಸಭೆಯಲ್ಲಿ ಮೂರು ಭಾನುವಾರ ಮದುವೆ ಪ್ರಕಟಣೆ ಓದ್ಬೇಕು, ಅದಕ್ಕೆ ಏಪ್ರಿಲ್ ಮೊದಲ ವಾರದಲ್ಲೇ ಸಭೆಯ ಪಾದ್ರಿ ಅಯ್ಯನವರನ್ನ ನೋಡಿ. ಹುಡುಗ ಹುಡುಗಿ ಇಬ್ಬರದ್ದೂ ದೀಕ್ಷಾಸ್ನಾನದ ಸರ್ಟಿಫಿಕೇಟ್ ತಗೊಂಡು ಹೋಗಿ, ಜೆರಾಕ್ಸ್ ಅಲ್ಲ, ಒರಿಜಿನಲ್.