ಮನ್ಸೂರರ ಬಗ್ಗೆ ನೀನು ಕೇಳಿದ ಪ್ರಶ್ನೆಗೆ

ಎಲ್ಲರಿಗೂ ನಮಸ್ಕಾರ. ಹೇಳಬೇಕಾದದ್ದು ಸ್ವಲ್ಪ ಉದ್ದವಾಗಿರುವುದರಿಂದ ಬರೆಯದೆ ಧ್ವನಿ ಸಂದೇಶವನ್ನೇ ಕಳಿಸುತ್ತಿದ್ದೇನೆ. ಬಿಡುವಾದಾಗ ಕೇಳಿರಿ.

ನಿನ್ನೆ ರಾತ್ರಿ ನಮ್ಮ ಅಣ್ಣನ ಮಗಳು ಹಿಂದೂಸ್ತಾನಿ ಗಾಯಕ ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಫೋಟೋವೊಂದನ್ನು ಗುಂಪಿಗೆ ಹಾಕಿ, "ಕಾಕಾ, ಇವರಿಗೆ ಅರವತ್ತರ ಹೊತ್ತಿಗೆ ಹೆಸರು ಬಂತಂತೆ, ಅಲ್ಲಿಯವರೆಗೆ ಇವರು ಏನು ಮಾಡುತ್ತಿದ್ದರು?" ಎಂದು ಕೇಳಿದ್ದಳು. ಅದರ ಕೆಳಗೆ, ಕೆಲವರ ವಿದ್ಯೆ ತಡವಾಗಿ ಹಣ್ಣಾಗುತ್ತದೆ ಎಂಬ ಉತ್ತರವೂ ಬಂದಿತ್ತು. ಅದನ್ನು ಬರೆದವರ ಮೇಲೆ ನನಗೆ ಬೇಸರವಿಲ್ಲ. ಆದರೆ ಮನ್ಸೂರರ ವಿಷಯದಲ್ಲಿ ಆ ಮಾತು ಸಲ್ಲುವುದಿಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಅವರ ವಿದ್ಯೆ ಬಹಳ ಮೊದಲೇ ಹಣ್ಣಾಗಿತ್ತು. ಆ ಮರದ ಬಳಿಗೆ ನಾಡು ಬಂದದ್ದು ಮಾತ್ರ ತಡವಾಗಿ.

ತಂಗಿ, ನಿನ್ನ ಪ್ರಶ್ನೆಗೆ ಉತ್ತರ ನಾಟಕದ ಕಂಪನಿಯಿಂದ ಶುರುವಾಗುತ್ತದೆ. ಧಾರವಾಡದ ಪಕ್ಕದ ಮನ್ಸೂರು ಎಂಬ ಊರಿನ ಒಕ್ಕಲುತನದ ಮನೆಯಲ್ಲಿ 1910ರ ಡಿಸೆಂಬರ್ ಕೊನೆಯ ದಿನ ಹುಟ್ಟಿದ ಈ ಹುಡುಗ, ಅಣ್ಣ ಬಸವರಾಜರ ಬೆನ್ನು ಹಿಡಿದು, ಇನ್ನೂ ಹತ್ತು ತುಂಬುವ ಮೊದಲೇ ಬಣ್ಣ ಹಚ್ಚಿದವನು. ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲಪಾತ್ರಗಳನ್ನು ಮಾಡುತ್ತ, ಹಾಡುತ್ತ ಊರೂರು ತಿರುಗಿದವನು. ಕಂಪನಿ ನಾಟಕವೆಂದರೆ ಇಂದಿನ ಮಕ್ಕಳಿಗೆ ಕಲ್ಪನೆ ಬರುವುದು ಕಷ್ಟ. ಮೈಕು ಇಲ್ಲದ ಆ ಕಾಲದಲ್ಲಿ ರಾತ್ರಿಯಿಡೀ ಆಟ ನಡೆಯುತ್ತಿತ್ತು, ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮುಂದಿರುತ್ತಿತ್ತು, ಟೆಂಟಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಪದದ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸಬೇಕಾಗಿತ್ತು. ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು, ಹಿಡಿಸದಿದ್ದರೆ ಅದನ್ನೂ ಕೂಗಿಯೇ ಹೇಳುತ್ತಿದ್ದರು. ಮನ್ಸೂರರ ದನಿಯಲ್ಲಿ ಕೊನೆಯವರೆಗೂ ಉಳಿದ ಆ ನೇರ, ಮುಚ್ಚುಮರೆಯಿಲ್ಲದ ಎಸೆತ ಅಲ್ಲಿಂದ ಬಂದದ್ದೆಂದು ನಾನು ನಂಬಿದ್ದೇನೆ.

ಆ ರಂಗದ ಹಾಡೇ ಅವರನ್ನು ಗುರುಗಳ ಬಳಿಗೆ ಕರೆದೊಯ್ಯಿತು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವಾಯಿತು. ಆಮೇಲೆ ಗ್ವಾಲಿಯರ್ ಪರಂಪರೆಯ ನೀಲಕಂಠಬುವಾ ಮಿರಜಕರರು ಹುಡುಗನ ದನಿಗೆ ಮನಸೋತು ಶಿಷ್ಯನನ್ನಾಗಿ ಸ್ವೀಕರಿಸಿದರು. ಮುಂದೆ ಮುಂಬಯಿಯಲ್ಲಿ, ಜೈಪುರ-ಅತ್ರೌಳಿ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಹಿರಿಯರಾದ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಶಿಷ್ಯನಾದ ಗುರುತಿನ ದಾರವಾದ ಗಂಡಾ ಕಟ್ಟಿಸಿಕೊಂಡು ತಾಲೀಮು ಶುರುವಾಯಿತು. ಅಷ್ಟರಲ್ಲಿ ಗ್ರಾಮೋಫೋನ್ ರೆಕಾರ್ಡುಗಳು ಹೊರಬಂದಿದ್ದವು, ನಮ್ಮ ಕಡೆಯ ಜನಕ್ಕೆ ಅವರ ಹೆಸರು ಪರಿಚಯವಿತ್ತು. ಹಾಡಿಕೊಂಡು ಹಾಯಾಗಿ ಇರಬಹುದಾಗಿದ್ದ ಗಾಯಕ ಮತ್ತೆ ಗುರುವಿನ ಎದುರು ಕುಳಿತು ಒಂದು ರಾಗದ ಹಾದಿಯನ್ನು ಮೊದಲಿನಿಂದ ಕಲಿಯುವುದೆಂದರೆ ಸಣ್ಣ ಮಾತಲ್ಲ.

ಆದರೆ 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಅವರಲ್ಲಿ ಆದ ತಾಲೀಮು ಬಹಳ ಕಾಲದ್ದಲ್ಲ. ಬಾಗಿಲು ಈಗಷ್ಟೇ ತೆರೆದಿತ್ತು, ಒಳಗೆ ಕಾಲಿಡುವುದರಲ್ಲಿ ದೀಪ ಆರಿತು. ಇನ್ನೊಬ್ಬರಾಗಿದ್ದರೆ ಕೈಗೆ ಸಿಕ್ಕಷ್ಟನ್ನು ಕಟ್ಟಿಕೊಂಡು ಊರಿಗೆ ಮರಳುತ್ತಿದ್ದರು. ಮನ್ಸೂರರು ಮಂಜಿ ಖಾನರ ತಮ್ಮ ಭುರ್ಜಿ ಖಾನರ ಬಳಿಗೆ ಹೋಗಿ ಕಲಿಕೆಯನ್ನು ಮುಂದುವರಿಸಿದರು. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಘಟ್ಟ ಇದು, ಪದ್ಮ ಪ್ರಶಸ್ತಿಗಳಿಗಿಂತ ದೊಡ್ಡದು.

ಇನ್ನು ನೀನು ಕೇಳಿದ ನಡುವಿನ ವರ್ಷಗಳು. ಗ್ರಾಮೋಫೋನ್ ರೆಕಾರ್ಡುಗಳ ಎಚ್‌ಎಂವಿ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿದ್ದರು, ನಂತರ ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾದರು. ಮನೆಯಲ್ಲಿ ಏಳು ಹೆಣ್ಣುಮಕ್ಕಳು, ಒಬ್ಬ ಮಗ. ಬೈಠಕ್ಕುಗಳು ನಡೆಯುತ್ತಿದ್ದವು, ಬಲ್ಲವರು ಬಲ್ಲವರಿಗೆ ಹೇಳುತ್ತಿದ್ದರು, ಅಷ್ಟೇ. ಅವರಿಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವರಾದ ಭೀಮಸೇನ ಜೋಶಿಯವರ ಹೆಸರು ದೇಶದ ತುಂಬ ಹರಡುತ್ತಿದ್ದಾಗ ಇವರು ಧಾರವಾಡದಲ್ಲಿ ನಸುಕಿನಲ್ಲೆದ್ದು ತಂಬೂರಿ ಶ್ರುತಿ ಮಾಡಿಕೊಳ್ಳುತ್ತಿದ್ದರು. ಇದನ್ನು ಒಬ್ಬರನ್ನು ಏರಿಸಿ ಇನ್ನೊಬ್ಬರನ್ನು ಇಳಿಸಲು ಹೇಳುತ್ತಿಲ್ಲ, ಇಬ್ಬರೂ ನಮ್ಮ ಮನೆಯ ದೇವರ ಕೋಣೆಯಲ್ಲಿ ಇರಬೇಕಾದವರು.

ತಡವೇಕಾಯಿತು ಎಂಬುದಕ್ಕೆ ನನ್ನ ತಿಳಿವಳಿಕೆಯಷ್ಟನ್ನು ಹೇಳುತ್ತೇನೆ. ಅವರು ಹಾಡುತ್ತಿದ್ದದ್ದು ಸುಲಭವಾಗಿ ಕೈಗೆ ಸಿಗುವ ಸಂಗೀತವಲ್ಲ. ಜೈಪುರ ಘರಾಣೆಯ ಗಾಯಕರಿಗೆ ಅಪರೂಪದ ರಾಗಗಳು ಮತ್ತು ಜೋಡು ರಾಗಗಳು ಬಲು ಪ್ರಿಯ. ಬಸಂತಿ ಕೇದಾರ ಎಂದರೆ ಬಸಂತ್ ಮತ್ತು ಕೇದಾರಗಳೆರಡನ್ನೂ ಒಂದೇ ನೇಯ್ಗೆಯಲ್ಲಿ ಹೆಣೆದದ್ದು. ಯಾವ ಎಳೆ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಕಾಣಬಾರದು, ಆದರೆ ಎರಡೂ ಇರಬೇಕು. ಖಟ್, ಏಕ ನಿಷಾದ ಬಿಹಾಗಡಾ, ಸಂಪೂರ್ಣ ಮಾಲಕೌಂಸ್, ಲಚ್ಛಾಸಾಖ್, ಬಹಾದುರಿ ತೋಡಿ ಮೊದಲಾದ ರಾಗಗಳನ್ನು ಅವರು ಭೂಪ, ಯಮನ್‌ಗಳಷ್ಟೇ ಸಲೀಸಾಗಿ ಹಾಡುತ್ತಿದ್ದರು. ಮೂರು ನಿಮಿಷದ ರೆಕಾರ್ಡಿನಲ್ಲಿ ಇದು ಹಿಡಿಯುವುದು ಹೇಗೆ? ಮುಂದೆ ಉದ್ದನೆಯ ರೆಕಾರ್ಡುಗಳು ಬಂದು, ಆಕಾಶವಾಣಿಯ ರಾಷ್ಟ್ರೀಯ ಕಾರ್ಯಕ್ರಮಗಳನ್ನು ಊರೂರಿನ ಜನ ಕೇಳತೊಡಗಿ, ಕೇಳುಗರ ಕಿವಿಗೆ ಒಂದಿಷ್ಟು ಸಂಸ್ಕಾರವಾದ ಮೇಲೆ ಆ ನೇಯ್ಗೆಯ ಸೊಬಗು ತಿಳಿಯಿತು. ಅಲ್ಲದೆ, ಅವಕಾಶ ಕೇಳಿಕೊಂಡು ಯಾರ ಬಾಗಿಲಿಗೂ ಹೋಗುವ ಸ್ವಭಾವ ಅವರದಾಗಿರಲಿಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳಲ್ಲಿ ಅವರಿಗಿದ್ದ ಭಕ್ತಿ ಎಷ್ಟೆಂದರೆ, ಮನೆಗೂ "ಮೃತ್ಯುಂಜಯ" ಎಂದೇ ಹೆಸರಿಟ್ಟಿದ್ದರು. ಹಾಡುವುದು ಅವರಿಗೆ ಪೂಜೆಯಾಗಿತ್ತು. ಪೂಜೆಗೆ ಜನ ಎಷ್ಟು ಸೇರಿದ್ದಾರೆಂದು ಯಾರೂ ಎಣಿಸುವುದಿಲ್ಲ.

ಎಂಬತ್ತರ ದಶಕದಲ್ಲಿ, ನಾನು ಕಾಲೇಜಿನಲ್ಲಿದ್ದಾಗ, ಒಂದು ಸಂಜೆ ಅವರ ಹಾಡಿಕೆಯನ್ನು ಎದುರಿಗೇ ಕುಳಿತು ಕೇಳಿದೆ. ನಿನ್ನ ಅಜ್ಜನೇ ಕೈಹಿಡಿದು ಕರೆದೊಯ್ದಿದ್ದರು. ಸಣಕಲು ದೇಹ, ಹಣೆಯಲ್ಲಿ ವಿಭೂತಿ, ಹಿಂದೆ ಎರಡು ತಂಬೂರಿ. ಇಷ್ಟು ಬಡಕಲು ಮನುಷ್ಯ ಎಷ್ಟು ಹೊತ್ತು ಹಾಡಿಯಾರು ಎಂದುಕೊಂಡೆ. ಅವರು ಆಲಾಪವನ್ನು ಎಳೆಯಲೇ ಇಲ್ಲ. ಷಡ್ಜ ಹಚ್ಚಿದರು, ಒಂದೆರಡು ಸ್ವರ ಸವರಿದರು, ನೇರವಾಗಿ ಚೀಜಿನ, ಅಂದರೆ ಆ ರಾಗದ ಹಾಡಿನ, ಮೊದಲ ಸಾಲು ಹಿಡಿದರು. ಅಲ್ಲಿಂದ ಮುಂದೆ ನಿಲ್ಲುವುದೆಂಬುದು ಇರಲಿಲ್ಲ. ಒಂದು ಮಾತಿನ ನಟ್ಟನಡುವಿನಿಂದ ತಾನ್, ಅಂದರೆ ಸ್ವರಗಳ ವೇಗದ ಓಟ, ಹೊರಡುತ್ತಿತ್ತು, ಸುತ್ತಿಕೊಂಡು ಮೇಲೇರುತ್ತಿತ್ತು, ಇನ್ನು ಉಸಿರು ಮುಗಿಯಿತು ಎಂದು ನಾವು ನಮ್ಮ ಉಸಿರು ಹಿಡಿದಾಗ ಅದು ಇನ್ನೊಂದು ಮಗ್ಗುಲಿಗೆ ಹೊರಳಿ, ಯಾರೂ ನಿರೀಕ್ಷಿಸದ ಕಡೆಯಿಂದ ಬಂದು ತಾಳದ ಮೊದಲ ಪೆಟ್ಟಾದ ಸಮ್ಮಿನ ಮೇಲೆ ಕೂಡುತ್ತಿತ್ತು. ಆ ಕ್ಷಣದಲ್ಲಿ ತಬಲಜಿಯ ಕಡೆ ಒಂದು ನಗು ಬೀರುತ್ತಿದ್ದರು, ಮಗು ಬಚ್ಚಿಟ್ಟ ಆಟಿಕೆಯನ್ನು ತಾನೇ ತೆಗೆದು ತೋರಿಸಿ ನಗುತ್ತದಲ್ಲ, ಹಾಗೆ. ಕೊನೆಗೆ ವಚನ ಹಾಡಿದರು. ಪಕ್ಕದಲ್ಲಿದ್ದ ನಿನ್ನ ಅಜ್ಜ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ, ಕಂಡದ್ದನ್ನು ಅವರಿಗೆ ತಿಳಿಯಗೊಡಲಿಲ್ಲ. ಎಪ್ಪತ್ತು ದಾಟಿದ ಆ ಹಿರಿಯರಲ್ಲಿ ನಾನು ಕೇಳಿದ್ದು ಅರವತ್ತರ ನಂತರ ಕೈಗೂಡುವ ವಿದ್ಯೆಯಲ್ಲ. ಕಂಪನಿಯ ಟೆಂಟು, ಮಿರಜದ ಗುರು, ಅರ್ಧಕ್ಕೆ ನಿಂತ ತಾಲೀಮು, ಅದನ್ನು ಮತ್ತೆ ಜೋಡಿಸಿಕೊಂಡ ಹಟ, ಎಲ್ಲವೂ ಅದರಲ್ಲಿತ್ತು.

ಪ್ರಶಸ್ತಿಗಳ ಲೆಕ್ಕವನ್ನೂ ನೀನು ಕೇಳಿದ್ದೀಯೆ. 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಮಧ್ಯಪ್ರದೇಶ ಸರ್ಕಾರ ಕಾಳಿದಾಸ ಸಮ್ಮಾನವನ್ನು ಆರಂಭಿಸಿದಾಗ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರರ ಜೊತೆಗೆ ಅದನ್ನು ಮೊದಲು ಪಡೆದವರು ಇವರು. ಮೊದಲ ದೊಡ್ಡ ಗೌರವ ಬಂದಾಗ ಅವರಿಗೆ ಐವತ್ತೊಂಬತ್ತು ವರ್ಷ, ಅಂದರೆ ರಂಗದ ಮೇಲೆ ಹಾಡಲು ತೊಡಗಿ ಸುಮಾರು ಐವತ್ತು ವರ್ಷ ಕಳೆದಿದ್ದವು. ಹೆಸರು ಬಂದ ಮೇಲೆ ಹಾಡಿಕೆಯನ್ನು ಅವರು ಜನರಿಗಾಗಿ ಸಡಿಲಗೊಳಿಸಲಿಲ್ಲ. ಅದೇ ಕಠಿಣ ರಾಗಗಳು, ಅದೇ ಬಿಗಿ. 1992ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು.

ಧಾರವಾಡದ ಅವರ "ಮೃತ್ಯುಂಜಯ" ಮನೆ ಈಗ ಸ್ಮಾರಕವಾಗಿದೆ. ದೀಪಾವಳಿಗೆ ನೀನು ಊರಿಗೆ ಬಂದಾಗ ಇಬ್ಬರೂ ಹೋಗಿ ಬರೋಣ. ಅದಕ್ಕೂ ಮೊದಲು, ಇಯರ್‌ಫೋನ್ ಹಾಕಿಕೊಂಡು ಕೆಲಸದ ನಡುವೆ ಕೇಳದೆ, ಒಂದು ಬೆಳಗ್ಗೆ ಎಲ್ಲವನ್ನೂ ಬದಿಗಿಟ್ಟು ಕುಳಿತು ಅವರ ಬಹಾದುರಿ ತೋಡಿಯನ್ನು ಪೂರ್ತಿ ಕೇಳು. ಕೇಳಿ ಮುಗಿದ ಮೇಲೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ.