ಪದಚರ್ಚೆ: ಮಾಡಿನಿಂದ ಶಾಖ 'ಸೋರುತ್ತದೆ' ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡ ನಮ್ಮವರಿಗೆಂದು ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಇಳಿಜಾರು ಮಾಡಿನ ಮೂಲಕ ಎಷ್ಟು ಶಾಖ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕದ ಪುಟದಲ್ಲಿ ಪದಗಳು ಕೈಕೊಡುತ್ತಿವೆ.

'ಶಾಖ ಸೋರಿಕೆ' ಓದಲು ಚೆಂದ. ಆದರೆ ಮಾಡು ಸೋರುತ್ತದೆ ಅಂದರೆ ನಮಗೆ ನೆನಪಾಗುವುದು ಮಳೆ, ಕೆಳಗಿಟ್ಟ ಪಾತ್ರೆ. ಅದನ್ನಾದರೂ ಬಿಡಿ. ಸಂದಿಗಳಲ್ಲಿ ಬಿಸಿ ಗಾಳಿಯೇ ಹೊರಗೆ ಹೋಗುವುದನ್ನು ಇಲ್ಲಿ ಬೇರೆಯಾಗಿ ಲೆಕ್ಕ ಹಾಕುತ್ತಾರೆ. 'ಸೋರಿಕೆ' ಅದಕ್ಕೇ ಒಪ್ಪುವ ಮಾತು, ಅಲ್ವಾ? ನನ್ನ ಪುಟದ ಶಾಖ ಯಾವ ಸಂದಿಯೂ ಇಲ್ಲದೆ, ಹಲಗೆ, ಗ್ಲಾಸ್ ವುಲ್ (ಶಾಖ ತಡೆಯಲು ಹಾಸುವ ಗಾಜಿನ ಉಣ್ಣೆ), ಹೆಂಚು ಎಲ್ಲವನ್ನೂ ಹಾದು ಹೋಗುತ್ತದೆ. 'ಶಾಖನಷ್ಟ' ಎರಡೂ ಸೇರಿದ ಒಟ್ಟು ಮೊತ್ತಕ್ಕೆ ಬೇಕು. ಹಾಗಾಗಿ ಇದಕ್ಕೆ 'ಹಾಯುವ ಶಾಖ' ಅಂತ ಇಟ್ಟಿದ್ದೇನೆ. ಸರಿಯೇ?

ಲೆಕ್ಕ ಹೀಗಿದೆ. ನೆಲದ ಅಳತೆ 40 ಚದರ ಮೀಟರ್, ಮಾಡಿನ ಓರೆ 30 ಡಿಗ್ರಿ. 40ನ್ನು 30 ಡಿಗ್ರಿಯ ಕೊಸೈನ್ ಆದ 0.866ರಿಂದ ಭಾಗಿಸಿದರೆ ಇಳಿಜಾರಿನ ವಿಸ್ತೀರ್ಣ ಸುಮಾರು 46. ಕೋನಕ್ಕೆ 'ಓರೆ', ಮೈಗೆ 'ಇಳಿಜಾರು' ಅಂತ ಬೇರೆ ಮಾಡಿಕೊಂಡಿದ್ದೇನೆ. ಇಲ್ಲದಿದ್ದರೆ ಓದುವವರು ನೆಲದ ಅಳತೆಯನ್ನೇ ಹಿಡಿದು ಕೂರುತ್ತಾರೆ. 200 ಮಿ.ಮೀ. ಗ್ಲಾಸ್ ವುಲ್ ಹಾಸಿದರೆ, ಮೀಟರಿನಲ್ಲಿ ಅದರ ದಪ್ಪ 0.2 ಭಾಗಿಸು ಅದು ಶಾಖ ಹಾಯಿಸುವ ಗುಣಾಂಕ 0.04, ಅಂದರೆ 5. ಇದು 'ತಡೆ'. 1ನ್ನು 5ರಿಂದ ಭಾಗಿಸಿದರೆ 0.2, ಇದು ಯು (U-value), ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಹಾಯುತ್ತದೆ ಅನ್ನುವುದು. ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಇದ್ದರೆ 0.2 × 46 × 20, ಅಂದರೆ 184 ವ್ಯಾಟ್.

ಯುಗೆ 'ನಿರೋಧಕ ಮೌಲ್ಯ' ಅನ್ನಿ ಅಂತ ಗೆಳೆಯರೊಬ್ಬರ ಸಲಹೆ. ನನಗೆ ಒಪ್ಪಿಗೆಯಿಲ್ಲ. ತಡೆ ಜಾಸ್ತಿಯಾದಷ್ಟೂ ಯು ಕಡಿಮೆಯಾಗುತ್ತದೆ, ಹೆಸರು ತಲೆಕೆಳಗಾಗುತ್ತದೆ. 'ಹಾಯುವಿಕೆ ದರ' ಹೇಗೆ? ಇಲ್ಲವೇ ಸುಮ್ನೆ 'ಯು' ಅಂತಲೇ ಬಿಡಲೇ?

ಇನ್ನೊಂದು ಮರದ ಮಾತು. ಉಣ್ಣೆ ತುಂಬುವುದು ಪಕಾಸಿಗಳ, ಅಂದರೆ ಇಳಿಜಾರಿನುದ್ದಕ್ಕೂ ಇಳಿಯುವ ಮರಗಳ ನಡುವೆ. ಮರದಲ್ಲಿ ಶಾಖ ಉಣ್ಣೆಗಿಂತ ಸುಮಾರು ಮೂರು ಪಟ್ಟು ಸುಲಭವಾಗಿ ಹಾಯುತ್ತದೆ. ಆದ್ದರಿಂದ ಮೇಲಿನ 184 ನಿಜಕ್ಕೂ ಇನ್ನಷ್ಟು ಏರುತ್ತದೆ. ಆ ಜಾಗಕ್ಕೆ 'ಶಾಖದ ಸೇತುವೆ' ಅಂದಿದ್ದೇನೆ, ಅದರ ಬಗ್ಗೆ ತಕರಾರಿಲ್ಲ. ಪಕಾಸಿ, ರೀಪು (ಹೆಂಚು ಕೂರಿಸುವ ಅಡ್ಡಪಟ್ಟಿ) ಮಲೆನಾಡು, ಕರಾವಳಿಯವರಿಗೆ ಗೊತ್ತು. ಬಯಲುಸೀಮೆಯಲ್ಲಿ ಪಕಾಸಿಗೆ ಏನಂತಾರೆ? 'ತೊಲೆ' ಅಂತ ಮಾತ್ರ ಹೇಳಬೇಡಿ, ಅದು ಭಾರ ಹೊರುವ ದಪ್ಪ ಮರ.